ಅಂಗೈಯ ಸೊನ್ನೆ: 1823ರ ಬಳ್ಳಾರಿ ವರದಿಯ ಒಂದು ವಾಕ್ಯವನ್ನು ಓದುವ ಬಗೆ

ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ವರದಿ ನಮ್ಮ ಶಿಕ್ಷಣ ಚರಿತ್ರೆಕಾರರಿಗೆಲ್ಲ ಬಾಯಿಪಾಠ. 533 ಶಾಲೆ, 6,641 ಮಕ್ಕಳು, 9,27,857 ಜನಸಂಖ್ಯೆ ಎಂಬ ಮೂರು ಅಂಕಿಗಳನ್ನು ಎತ್ತಿಕೊಂಡು, ಇಂಗ್ಲಿಷರ ಆಳ್ವಿಕೆಗೆ ಮೊದಲು ನಮ್ಮಲ್ಲಿ ವಿದ್ಯೆ ಎಷ್ಟಿತ್ತು ಎಂಬ ಜಗಳಕ್ಕೆ ಇಳಿಯುವುದು ವಾಡಿಕೆ. 1931ರಲ್ಲಿ ಗಾಂಧೀಜಿ ಲಂಡನ್ನಿನ ಚಾಥಮ್ ಹೌಸಿನಲ್ಲಿ ಆಡಿದ ಮಾತು, ಅದಕ್ಕೆ ಫಿಲಿಪ್ ಹಾರ್ಟಾಗ್ ಎತ್ತಿದ ಆಕ್ಷೇಪ, 1983ರಲ್ಲಿ ಮೂಲ ದಾಖಲೆಗಳನ್ನೇ ಅಚ್ಚು ಹಾಕಿಸಿದ ಧರ್ಮಪಾಲರ ‘ದಿ ಬ್ಯೂಟಿಫುಲ್ ಟ್ರೀ’ ಎಲ್ಲವೂ ಓದುಗರಿಗೆ ಗೊತ್ತಿರುವುದರಿಂದ ಆ ಕಥೆಯನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಶಾಲೆಗಳನ್ನು ಎಣಿಸುವ ಭರದಲ್ಲಿ, ಶಾಲೆಯ ಒಳಗೆ ಮಕ್ಕಳನ್ನು ಹೇಗೆ ಹದ್ದುಬಸ್ತಿನಲ್ಲಿ ಇಡುತ್ತಿದ್ದರು ಎಂಬುದಕ್ಕೆ ಅದೇ ವರದಿಯಲ್ಲಿರುವ ಅಪರೂಪದ ಸಾಕ್ಷ್ಯವನ್ನು ನಾವು ತಪ್ಪಾಗಿ ಓದುತ್ತ ಬಂದಿದ್ದೇವೆ ಎಂಬುದಷ್ಟೇ ನನ್ನ ವಾದ.

ಸಾಕ್ಷ್ಯ ಇಷ್ಟು. ಶಾಲೆ ಬೆಳಗಿನ ಆರು ಗಂಟೆಗೆ ತೆರೆಯುತ್ತದೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನ ಅಂಗೈಗೆ ಸೊನ್ನೆ. ಅವನು ಹೊಗಳಿಕೆಗೂ ಅಲ್ಲ, ತೆಗಳಿಕೆಗೂ ಅಲ್ಲ ಎಂದು ಅದರ ಅರ್ಥವನ್ನು ಕ್ಯಾಂಪ್‌ಬೆಲ್ ತಾನೇ ಬಿಡಿಸಿ ಹೇಳುತ್ತಾನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಅಲ್ಲಿಂದ ಮುಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಇದಾದ ಮೇಲೆ ಈ ಪದ್ಧತಿಯೂ ದೇಶೀಯ ಶಾಲೆಗಳ ಶಿಕ್ಷೆಗಳೂ ಕಠಿಣವೆಂದು ತೋರುತ್ತವೆ ಎನ್ನುವ ಅವನು, ಸೋಮಾರಿ ಹುಡುಗನನ್ನು ಹೊಡೆಯುವುದು, ಎರಡೂ ಕೈ ಕಟ್ಟಿ ರಾಟೆಯಿಂದ ಸೂರಿಗೆ ಏರಿಸುವುದು, ಬಿಡುವಿಲ್ಲದೆ ಬಸ್ಕಿ ಹೊಡೆಸುವುದು ಇವುಗಳನ್ನು ಹೆಸರಿಸುತ್ತಾನೆ. ಕೂಲಿಮಠದ ನೆನಪು ಉಳಿದಿರುವ ಮನೆಗಳಲ್ಲಿ ಸೂರಿಗೆ ಏರಿಸುವ ಶಿಕ್ಷೆಗೆ ‘ಕೋದಂಡ’ ಎನ್ನುತ್ತಿದ್ದರು.

ಈ ಭಾಗವನ್ನು ಬಳಸಿಕೊಂಡವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಇದು ಕ್ರೌರ್ಯದ ಪಟ್ಟಿ. ಬಂಗಾಳದ ಪಾಠಶಾಲೆಗಳ ಬಗ್ಗೆ ವಿಲಿಯಂ ಆಡಂ ಬರೆದ ವರದಿಗಳನ್ನು ಜೇಮ್ಸ್ ಲಾಂಗ್ 1868ರಲ್ಲಿ ಮರುಮುದ್ರಿಸಿದಾಗ, ಕಲ್ಕತ್ತಾ ರಿವ್ಯೂ ಪತ್ರಿಕೆಯಲ್ಲಿ ಬಂದಿದ್ದ ಘೋರ ಶಿಕ್ಷೆಗಳ ಪಟ್ಟಿಯನ್ನೂ ಜೊತೆಗೆ ಸೇರಿಸಿದ. ಅಂದಿನಿಂದ ಬಳ್ಳಾರಿಯ ಸಾಲುಗಳನ್ನೂ ಆ ಪಟ್ಟಿಯ ಬಾಲವೆಂಬಂತೆ ಓದುವ ಚಾಳಿ ಬೆಳೆದಿದೆ. ಇನ್ನೊಂದು ಪಂಗಡದವರು ಸರಸ್ವತಿಯ ಹೆಸರನ್ನು ಉಳಿಸಿಕೊಂಡು ಏಟನ್ನು ಕೈಬಿಡುತ್ತಾರೆ. (ಧರ್ಮಪಾಲರ ಮೇಲೆ ಈ ದೋಷ ಹೊರಿಸುವುದು ಅನ್ಯಾಯ. ಅವರು ವರದಿಯನ್ನು ಒಂದಕ್ಷರ ಮುಚ್ಚಿಡದೆ ಅಚ್ಚು ಮಾಡಿದರು. ಅವರ ವಾದ ಇದ್ದದ್ದು ಶಾಲೆಗಳ ಹರವಿನ ಬಗ್ಗೆ ಮತ್ತು ಅಲ್ಲಿ ಕಲಿತವರ ಜಾತಿಗಳ ಬಗ್ಗೆ. ಅವರ ಹೆಸರು ಹೇಳಿಕೊಂಡು ಅರ್ಧ ವಾಕ್ಯ ಉದ್ಧರಿಸುವವರು ಅವರು ಪಟ್ಟ ಶ್ರಮಕ್ಕೆ ನಿಷ್ಠರಾಗಿಲ್ಲ.) ಎರಡು ಪಂಗಡಗಳೂ ಒಂದು ವಿಷಯದಲ್ಲಿ ಒಮ್ಮತದಿಂದ ತಪ್ಪುತ್ತವೆ: ಬೆಳಗಿನ ಏಟನ್ನು ತಡವಾಗಿ ಬಂದದ್ದಕ್ಕೆ ಕೊಡುವ ಶಿಕ್ಷೆ ಎಂದೇ ಓದುತ್ತವೆ.

ಕ್ಯಾಂಪ್‌ಬೆಲ್ ಹಾಗೆ ಹೇಳಿಲ್ಲ. ಅವನ ವಾಕ್ಯದಲ್ಲಿ ‘ತಡ’ ಎಂಬ ಮಾತೇ ಇಲ್ಲ, ಇರುವುದು ಬಂದ ಕ್ರಮ ಮಾತ್ರ. ಹನ್ನೆರಡು ಹುಡುಗರಿರುವ ಒಂದು ಶಾಲೆಯನ್ನು ತೆಗೆದುಕೊಳ್ಳೋಣ. 6,641 ಮಕ್ಕಳನ್ನು 533 ಶಾಲೆಗಳಿಗೆ ಹಂಚಿದರೆ ಸರಾಸರಿ ಬರುವುದೂ ಅಷ್ಟೇ. ಹನ್ನೆರಡೂ ಜನ ಆರಕ್ಕೆ ಮೊದಲೇ ಬಂದು ಕುಳಿತರು ಎನ್ನಿ. ಆಗಲೂ ಒಬ್ಬ ಮೊದಲನೆಯವ, ಒಬ್ಬ ಹನ್ನೆರಡನೆಯವ. ಯಾವ ನಿಯಮವನ್ನೂ ಮುರಿಯದ ಆ ಕೊನೆಯವನಿಗೆ ಹತ್ತು ಏಟು. ಇಡೀ ಶಾಲೆಗೆ ಆ ಬೆಳಗಿನ ಲೆಕ್ಕ ಐವತ್ತೈದು. ತಪ್ಪೇ ಇಲ್ಲದ ಕಡೆ ತಪ್ಪಿಗೆ ಶಿಕ್ಷೆ ಎಂಬ ವಿವರಣೆ ನಿಲ್ಲುವುದಿಲ್ಲ. ಇದು ಮಕ್ಕಳನ್ನು ಪ್ರತಿದಿನ ಹೊಸದಾಗಿ ಒಂದು ಸಾಲಿನಲ್ಲಿ ಜೋಡಿಸುವ ಕಟ್ಟಳೆ. ಕ್ಯಾಂಪ್‌ಬೆಲ್‌ಗೂ ಈ ಭೇದ ಗೊತ್ತಿತ್ತು. ಬೆಳಗಿನದನ್ನು ಅವನು ಪದ್ಧತಿ ಎಂದು ಕರೆದು, ಶಿಕ್ಷೆಗಳನ್ನು ಬೇರೆಯಾಗಿ ಹೆಸರಿಸುತ್ತಾನೆ. ಹೊಡೆತ, ಕೋದಂಡ, ಬಸ್ಕಿ ಇವು ಓದದ ಹುಡುಗನಿಗೆ. ಅಂಗೈಯ ಗುರುತು ಮತ್ತು ಎಣಿಸಿದ ಏಟು ಎಲ್ಲರಿಗೂ.

ಕ್ರಮವನ್ನೇ ಯಾಕೆ ಹಿಡಿದರು ಎಂಬುದಕ್ಕೆ ಉತ್ತರ ಸರಳವಾಗಿದೆ, ಅದಕ್ಕೇ ಬಹುಶಃ ಯಾರೂ ಅತ್ತ ನೋಡಿಲ್ಲ. ಆರು ಗಂಟೆ ಎಂಬುದು ಕಲೆಕ್ಟರನ ಗಡಿಯಾರದ ಮಾತು. ಅಂದಿನ ಹಳ್ಳಿಯ ಐಗಳ ಜಗಲಿಯಲ್ಲಿ ಗಡಿಯಾರವಿಲ್ಲ, ಗಂಟೆ ಬಾರಿಸುವ ಜವಾನನಿಲ್ಲ, ಇರುವುದು ಬೆಳಕು ಹರಿಯುವ ಹೊತ್ತು ಮಾತ್ರ. ಹೊತ್ತನ್ನು ಅಳೆಯಲು ಸಾಧನವಿಲ್ಲದ ಕಡೆ ‘ತಡ’ವನ್ನು ತೀರ್ಮಾನಿಸುವುದು ಮೇಷ್ಟರಿಗೂ ಹುಡುಗನಿಗೂ ದಿನವೂ ವಾದದ ವಿಷಯವಾಗುತ್ತದೆ. ಯಾರು ಮೊದಲು, ಯಾರು ಆಮೇಲೆ ಎಂಬುದಕ್ಕೆ ವಾದ ಬೇಕಿಲ್ಲ, ಬಂದವರೆಲ್ಲ ನೋಡಿರುತ್ತಾರೆ. ಒಬ್ಬರನ್ನೊಬ್ಬರು ಹಿಂದೆ ಹಾಕಲು ಹೊರಟ ಹುಡುಗರು ತಾವಾಗಿಯೇ ನಸುಕಿಗೆ ಬಂದು ಸೇರುತ್ತಾರೆ. ಗಂಟೆ, ಹಾಜರಿ ಪುಸ್ತಕ, ಇನ್ಸ್‌ಪೆಕ್ಟರು ನಮ್ಮ ಹಳ್ಳಿಯ ಶಾಲೆಗಳಿಗೆ ಬಂದದ್ದು 1854ರ ವುಡ್‌ನ ಆಜ್ಞಾಪತ್ರದ ನಂತರ ಬೆಳೆದ ಸರ್ಕಾರಿ ವ್ಯವಸ್ಥೆಯೊಡನೆ. ತಡ ಎಂಬ ಅಪರಾಧಕ್ಕೆ ಲಿಖಿತ ದಾಖಲೆ ಹುಟ್ಟಿದ್ದು ಆಗ. ಅದನ್ನು 1823ಕ್ಕೆ ಹಿಂದಕ್ಕೊಯ್ದು ಹೇರುವುದು ಕಾಲದೋಷ.

ಸೊನ್ನೆಯ ವಿಷಯಕ್ಕೆ ಬರುತ್ತೇನೆ. ಎರಡನೆಯವನಿಗೆ ಸೊನ್ನೆ ಬರೆದು ಅವಮಾನಿಸುತ್ತಿದ್ದರು ಎಂಬ ಮಾತನ್ನು ನಾನು ಭಾಷಣಗಳಲ್ಲಿ ಕೇಳಿದ್ದೇನೆ, ಲೇಖನಗಳಲ್ಲೂ ಓದಿದ್ದೇನೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಕೆಂಪು ಸೊನ್ನೆ ಕಂಡು ಬೆಳೆದವರ ಊಹೆ ಅದು. ಶ್ರೇಣಿಯ ಲೆಕ್ಕವನ್ನೇ ನೋಡಬೇಕು: ಮೂರನೆಯವನಿಗೆ ಒಂದು, ನಾಲ್ಕನೆಯವನಿಗೆ ಎರಡು. ಹಿಂದಕ್ಕೆ ಎಣಿಸಿದರೆ ಎರಡನೆಯವನಿಗೆ ಸಲ್ಲುವ ಏಟು ಸೊನ್ನೆ. ಅವನ ಅಂಗೈಯಲ್ಲಿರುವುದು ಅವನ ಪಾಲಿನ ಏಟಿನ ಸಂಖ್ಯೆಯೇ. ಗೌರವ ಮತ್ತು ಏಟುಗಳ ನಡುವೆ ಎರಡೂ ಇಲ್ಲದ ಒಂದು ಜಾಗವನ್ನು ಗುರುತಿಸಿ, ಮಗುವಿನ ಕೈಯಲ್ಲೇ ಬರೆದು ತೋರಿಸಿದ್ದರಲ್ಲಿ ಲೆಕ್ಕದ ಪಾಠವೂ ಸೇರಿದೆ. ಬರೆದದ್ದು ಅಂಗೈಯಲ್ಲಿ ಎಂಬುದೂ ಮುಖ್ಯ. ಬೆವರಿಗೋ ಮರಳಿನ ಮೇಲೆ ಅಕ್ಷರ ತಿದ್ದುವಾಗಲೋ ಅದು ಅಳಿಸಿಹೋಗುತ್ತದೆ. ನಿನ್ನೆಯ ಸರಸ್ವತಿ ಇವತ್ತಿಗೆ ಸಲ್ಲುವುದಿಲ್ಲ, ನಿನ್ನೆಯ ಹತ್ತು ಏಟೂ ಇವತ್ತಿಗೆ ಅಂಟಿಕೊಳ್ಳುವುದಿಲ್ಲ.

ಇದರ ತೂಕ ತಿಳಿಯಲು ಅದೇ ಕಾಲದ ಇಂಗ್ಲೆಂಡಿನ ಕಡೆ ನೋಡಬೇಕು, ಏಕೆಂದರೆ ಕ್ಯಾಂಪ್‌ಬೆಲ್ ನೋಡಿದ್ದೇ ಆ ಕಣ್ಣಿನಿಂದ. ಗವರ್ನರ್ ಥಾಮಸ್ ಮನ್ರೋ 1822ರ ಜೂನ್ 25ರ ಟಿಪ್ಪಣಿಯಲ್ಲಿ ಕೇಳಿದ್ದು ಶಾಲೆಗಳ ಪಟ್ಟಿ, ಮಕ್ಕಳ ಸಂಖ್ಯೆ, ಜಾತಿ, ಓದುವ ಪುಸ್ತಕ, ಕಲಿಕೆಯ ಅವಧಿ, ಶುಲ್ಕ, ಮಾನ್ಯಗಳ ವಿವರವನ್ನು. ಶಿಸ್ತಿನ ಬಗ್ಗೆ ಅವನು ಕೇಳಲೇ ಇಲ್ಲ. ಕೇಳದ್ದನ್ನು ಕ್ಯಾಂಪ್‌ಬೆಲ್ ಬರೆದದ್ದಕ್ಕೆ ಕಾರಣ ಆಂಡ್ರೂ ಬೆಲ್ ಮತ್ತು ಜೋಸೆಫ್ ಲ್ಯಾಂಕಾಸ್ಟರ್. ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಬೆಲ್ ದೇಶೀ ಶಾಲೆಗಳಿಂದ ಮರಳಿನ ಮೇಲೆ ಬರೆಸುವುದನ್ನು ಎತ್ತಿಕೊಂಡು, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿ, 1797ರಲ್ಲಿ ಅದನ್ನು ಪುಸ್ತಕ ಮಾಡಿದ. ಬಳ್ಳಾರಿಯ ಶಾಲೆಗಳಲ್ಲಿ ಹಿರಿಯ ಹುಡುಗರು ಕಿರಿಯರಿಗೆ ಕಲಿಸುವುದನ್ನು ಮೆಚ್ಚಿದ ಕ್ಯಾಂಪ್‌ಬೆಲ್, ಇಂಗ್ಲೆಂಡು ಅದನ್ನು ಅನುಕರಿಸಿದ್ದು ಯೋಗ್ಯವೇ ಎಂದು ಬರೆಯುವಾಗ ಅವನ ಮನಸ್ಸಿನಲ್ಲಿದ್ದದ್ದು ಈ ಸಂಗತಿ.

ಬೆಲ್ ಹೊಡೆತವನ್ನು ಕಡಿಮೆ ಮಾಡಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡವನು. ಅದರ ಬದಲಿಗೆ ಅವನ ಶಾಲೆಯಲ್ಲಿ ತಪ್ಪುಗಳನ್ನು ಬರೆದಿಡುವ ಕಪ್ಪು ಪುಸ್ತಕವಿತ್ತು, ಹುಡುಗರದೇ ಪಂಚಾಯ್ತಿ ಕೂಡಿಸಿ ವಿಚಾರಣೆ ನಡೆಯುತ್ತಿತ್ತು. ಲ್ಯಾಂಕಾಸ್ಟರನೂ ಬೆತ್ತದ ವಿರೋಧಿ. ಆದರೆ ಅವನು ಮಕ್ಕಳ ಕುತ್ತಿಗೆಗೆ ಮರದ ದಿಮ್ಮಿ ಕಟ್ಟುತ್ತಿದ್ದ, ಕಾಲಿಗೆ ಕೋಳ ಹಾಕುತ್ತಿದ್ದ, ಬುಟ್ಟಿಯಲ್ಲಿ ಕೂರಿಸಿ ಶಾಲೆಯ ಸೂರಿಗೆ ಏರಿಸಿ ಉಳಿದವರು ನೋಡುವಂತೆ ಮಾಡುತ್ತಿದ್ದ. ಇದೆಲ್ಲವನ್ನೂ ಬರೆದು ಅಚ್ಚು ಹಾಕಿಸಿದವನೂ ಅವನೇ. ಬಳ್ಳಾರಿಯ ಕೋದಂಡವನ್ನು ಪೌರ್ವಾತ್ಯ ಕ್ರೌರ್ಯ ಎನ್ನುವವರು ಲಂಡನ್ನಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು ನೋಡಲಿ. ಶ್ರೀಮಂತರ ಈಟನ್ ಶಾಲೆಯಲ್ಲಿ ಅದೇ ವರ್ಷಗಳಲ್ಲಿ ಮುಖ್ಯೋಪಾಧ್ಯಾಯನಾಗಿದ್ದ ಜಾನ್ ಕೀಟ್ ಹೊಡೆತಕ್ಕೇ ಹೆಸರಾದವನು. ಇದರಿಂದ ಕೋದಂಡ ಒಳ್ಳೆಯದಾಗುವುದಿಲ್ಲ. ಕೈ ಕಟ್ಟಿಸಿಕೊಂಡು ನೇತಾಡಿದ ಹುಡುಗನ ನೋವು, ಲಂಡನ್ನಿನಲ್ಲೂ ಹಾಗೆಯೇ ನಡೆಯುತ್ತಿತ್ತು ಎಂದ ಮಾತ್ರಕ್ಕೆ ಕಡಿಮೆಯಾಗದು. ಕ್ಯಾಂಪ್‌ಬೆಲ್ ಬಸ್ಕಿಯನ್ನು ಪ್ರಾಯಶಃ ಆರೋಗ್ಯಕರ ಎಂದದ್ದನ್ನು ಮೆಚ್ಚಿ ಉದ್ಧರಿಸುವವರಿಗೂ ಇದೇ ಮಾತು.

ಏಟು ಎಷ್ಟು ಜೋರಾಗಿತ್ತು? ‘ಮೆಲ್ಲಗೆ’ ಎಂಬ ವಿಶೇಷಣ ಮೂರನೆಯವನ ಏಟಿಗೆ ಮಾತ್ರ ಇದೆ. ಏಟು ಬಿದ್ದದ್ದು ಅಂಗೈಗೇ ಎಂದು ವರದಿ ಹೇಳುವುದಿಲ್ಲ. ಅದನ್ನು ನಾವು ಸೇರಿಸಿಕೊಂಡಿದ್ದೇವೆ. ಪದ್ಧತಿಯೂ ಕಠಿಣ ಎಂದು ಕ್ಯಾಂಪ್‌ಬೆಲ್ ಹೇಳಿರುವಾಗ ಇದನ್ನು ಬರೀ ಆಟವೆಂದು ತೇಲಿಸುವಂತಿಲ್ಲ. ಆದರೂ ನನ್ನ ತೀರ್ಮಾನ, ಇಲ್ಲಿ ನೋವಿಗಿಂತ ಎಣಿಕೆ ಮುಖ್ಯವಾಗಿತ್ತು ಎಂದು. ಐಗಳ ಜೀವನ ನಡೆಯುತ್ತಿದ್ದದ್ದು ಹೆಚ್ಚಾಗಿ ಮಕ್ಕಳ ಮನೆಯಿಂದ ಬರುವ ಹಣದಿಂದ. ಶುಲ್ಕ ಕೊಡಲಾಗದೆ ಜನ ಮಕ್ಕಳನ್ನು ಬಿಡಿಸುತ್ತಿದ್ದಾರೆ, ಶಾಲೆಗಳು ಮುಚ್ಚುತ್ತಿವೆ ಎಂದು ಕ್ಯಾಂಪ್‌ಬೆಲ್ ಅದೇ ವರದಿಯಲ್ಲಿ ಮರುಗುತ್ತಾನೆ. ಅಂಥ ದಿನಗಳಲ್ಲಿ ಯಾವ ಮೇಷ್ಟರೂ ತಪ್ಪು ಮಾಡದ ಹುಡುಗನಿಗೆ ದಿನ ಬೆಳಗಾದರೆ ಹತ್ತು ಬಿರುಸು ಏಟು ಹಾಕಿ ಆ ಮನೆಯನ್ನು ಕಳೆದುಕೊಳ್ಳುವುದಿಲ್ಲ. ಏಟು ಹಗುರಾಗಿದ್ದರೂ ಹತ್ತು ಜನರ ಮುಂದೆ ಎಣಿಸಿಕೊಳ್ಳುವುದು ಹಗುರವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಈ ಪದ್ಧತಿ ಎರಡರ ಕೆಳಗೂ ಬರುತ್ತದೆ, ಬರಬೇಕಾದದ್ದೇ.

ಸಾಕ್ಷಿಯ ಮಿತಿಯನ್ನೂ ಹೇಳಬೇಕು. ಈ ವರದಿಯನ್ನು ‘ಕನ್ನಡ ಶಾಲೆಗಳ ವರ್ಣನೆ’ ಎಂದು ಕರೆಯುವುದು ಅವಸರದ ಮಾತು. 1823ರ ಬಳ್ಳಾರಿ ಜಿಲ್ಲೆ ಈಗಿನದಲ್ಲ. ಅನಂತಪುರ ಬೇರೆಯಾದದ್ದು 1882ರಲ್ಲಿ, ಆದೋನಿಯೂ ಆಗ ಇದರೊಳಗೇ ಇತ್ತು. ಕನ್ನಡ ಕಲಿಸುತ್ತಿದ್ದ ಶಾಲೆಗಳು 235, ತೆಲುಗು 226, ಮರಾಠಿ 23, ಪರ್ಷಿಯನ್ 21, ತಮಿಳು 4, ಇಂಗ್ಲಿಷ್ 1. ಉಳಿದ 23 ಬ್ರಾಹ್ಮಣರಷ್ಟೇ ಓದುತ್ತಿದ್ದ ಶಾಸ್ತ್ರಪಾಠದ ಜಾಗಗಳು. ಕ್ಯಾಂಪ್‌ಬೆಲ್ ತೆಲುಗಿನ ವಿದ್ವಾಂಸ; 1816ರಲ್ಲಿ ಅವನ ತೆಲುಗು ವ್ಯಾಕರಣ, 1821ರಲ್ಲಿ ನಿಘಂಟು ಬಂದಿದ್ದವು. ಅವನಿಗೆ ವಿಷಯ ತಿಳಿಸುತ್ತಿದ್ದವರ ಕಡೆಯ ರೂಢಿಯೇ ವರದಿಯಲ್ಲಿ ಮುಂದಾಗಿರುವ ಸಂಭವ ಹೆಚ್ಚು. ದಿನಚರಿ ಎಲ್ಲ ಶಾಲೆಗಳಲ್ಲೂ ಬಹುಮಟ್ಟಿಗೆ ಒಂದೇ ಎಂಬ ಅವನ ಮಾತನ್ನು ಹಾಗೆಯೇ ನುಂಗಿದರೆ, ಪರ್ಷಿಯನ್ ಕಲಿಸುವ 21 ಶಾಲೆಗಳಲ್ಲೂ ಮೊದಲು ಬಂದವನ ಕೈಗೆ ಸರಸ್ವತಿಯ ಹೆಸರು ಬರೆಯುತ್ತಿದ್ದರು ಎಂದು ನಂಬಬೇಕಾಗುತ್ತದೆ. ಆದರೆ ಅವನು ವರ್ಣಿಸುವ ಹಲಗೆ, ಬಟ್ಟೆಯ ಕಡತ, ಬಳಪಗಳು ಕನ್ನಡ, ತೆಲುಗು ಎರಡೂ ಸೀಮೆಯವು. ಆದ್ದರಿಂದ ಆ 461 ಶಾಲೆಗಳ ಮಟ್ಟಿಗೆ ಸಾಕ್ಷ್ಯ ನಿಲ್ಲುತ್ತದೆ ಎಂದು ನಾನು ಒಪ್ಪುತ್ತೇನೆ.

ವರದಿಯ ಇನ್ನೊಂದು ಕೋಷ್ಟಕವನ್ನು ಈ ವಾಕ್ಯದ ಪಕ್ಕದಲ್ಲಿ ಯಾರೂ ಇಟ್ಟು ಓದಿದಂತಿಲ್ಲ. ಹಿಂದೂ ಹುಡುಗರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ‘ಇತರ ಜಾತಿ’ಯವರು 1,174. ಶಾಲೆ ನಡೆಯುತ್ತಿದ್ದದ್ದು ಐಗಳ ಜಗಲಿಯಲ್ಲೋ ಗುಡಿಯಲ್ಲೋ ಮಠದಲ್ಲೋ. ಊರಿನ ಮನೆಗಳು ಕೇರಿ ಕೇರಿಯಾಗಿ ಹಂಚಿಕೊಂಡಿದ್ದ ಕಾಲದಲ್ಲಿ ಎಲ್ಲರಿಗೂ ನಡಿಗೆ ಒಂದೇ ದೂರವಲ್ಲ, ನಸುಕಿನ ಮನೆಗೆಲಸವೂ ಒಂದೇ ಸಮವಲ್ಲ. ದನ ಬಿಟ್ಟು, ನೀರು ತಂದು ಹೊರಡಬೇಕಾದ ಹುಡುಗ ಎಷ್ಟೇ ಓಡಿದರೂ ಗುಡಿಯ ಪಕ್ಕದ ಮನೆಯವನಿಗಿಂತ ಮೊದಲು ಮುಟ್ಟುವುದು ಅಪರೂಪ. ಅಂಗೈಯ ಗುರುತು ದಿನವೂ ಅಳಿಸಿಹೋಗುತ್ತದೆ ಎಂದು ಮೇಲೆ ಹೇಳಿದ್ದು ಪದ್ಧತಿಯ ಮಟ್ಟಿಗೆ ನಿಜ. ಆದರೆ ಹನ್ನೆರಡನೆಯ ಜಾಗ ದಿನವೂ ಒಬ್ಬನ ಪಾಲಿಗೇ ಬರುತ್ತಿದ್ದರೆ ಆ ಹತ್ತು ಏಟನ್ನು ನಿಗದಿ ಮಾಡುತ್ತಿದ್ದದ್ದು ಐಗಳಲ್ಲ, ಊರಿನ ನಕ್ಷೆ. ಶಾಲೆಯ ಚಾವಡಿ ಯಾವ ಕೇರಿಯಲ್ಲಿತ್ತು ಎಂಬುದನ್ನು ಊರೂರಿನ ಮಟ್ಟದಲ್ಲಿ, ಇನಾಮು ಕಾಗದಗಳಿಂದ ಹಿಡಿದು ಹುಡುಕಿ ಗುರುತಿಸುವ ಕೆಲಸ ಮೊದಲು ಆಗಬೇಕು. 1,174ರ ಅಂಕಿಯನ್ನು ಸಮಾನತೆಯ ಪುರಾವೆಯೆಂದು ಎತ್ತಿ ಹಿಡಿಯುವವರು ಅಲ್ಲಿಯವರೆಗೆ ಕಾಯಬೇಕು.