ಬೈಕ್ ಆಯಿಲ್: ನಾವೇ ಬದಲಿಸಬಹುದೆ, ಡೀಲರ್ ಬಳಿಯೇ ಒಯ್ಯಬೇಕೆ?

ಹೂಲಿ (ಸವದತ್ತಿ ತಾ.): ಪಂಚಲಿಂಗೇಶ್ವರ ದೇಗುಲದಿಂದ ಹೆಸರಾದ ಹೂಲಿಯಿಂದ ತಾಲ್ಲೂಕು ಕೇಂದ್ರ ಸವದತ್ತಿಗೆ ಸುಮಾರು 9 ಕಿ.ಮೀ. ದೂರ. ಇಂತಹ ಊರಿನ ಬೈಕ್ ಸವಾರನಿಗೆ ಡೀಲರ್ ಬಳಿ ಸರ್ವಿಸ್ ಎಂದರೆ ಬಿಲ್ಲಿನ ಹಣದ ಜತೆಗೆ ಅರ್ಧ ದಿನದ ದುಡಿಮೆಯೂ ಹೋದಂತೆ. ಬಿತ್ತನೆ, ಸುಗ್ಗಿಯ ದಿನಗಳಲ್ಲಂತೂ ಅದು ಇನ್ನೂ ದುಬಾರಿ. ನಗರವಾಸಿಗಳಿಗೆ ದೂರದ ತೊಂದರೆ ಇಲ್ಲದಿದ್ದರೂ ಸರತಿಯ ತೊಂದರೆ ಇದ್ದೇ ಇದೆ. ಹಾಗಾದರೆ ಆಯಿಲ್ ನಾವೇ ಬದಲಿಸಬಹುದೆ? ವಾರಂಟಿ ಮುಗಿದಿದ್ದರೆ ಖಂಡಿತ ಬದಲಿಸಬಹುದು. ಆದರೆ ಹಳೆಯ ಆಯಿಲ್ ಎಲ್ಲಿಗೆ ಹೋಗಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು.

ಉಳಿತಾಯ ಎಷ್ಟು?

100ರಿಂದ 125 ಸಿಸಿ ಬೈಕ್‌ಗಳಿಗೆ ಸಾಮಾನ್ಯವಾಗಿ ಒಂದು ಲೀಟರ್ ಅಥವಾ ಅದಕ್ಕಿಂತ ತುಸು ಕಡಿಮೆ ಆಯಿಲ್ ಸಾಕು. ಆಯಿಲ್‌ನ ಬೆಲೆಯನ್ನು ಎಲ್ಲಿಯೇ ಆದರೂ ತೆರಲೇಬೇಕು. ಉಳಿಯುವುದು ಕೂಲಿ, ಅದರ ಮೇಲಿನ ಶೇ 18 ಜಿಎಸ್‌ಟಿ ಹಾಗೂ ಓಡಾಟದ ಖರ್ಚು ಮಾತ್ರ.

ಡೀಲರ್ ಪಡೆಯುವ ಕೂಲಿ ಆಯಿಲ್ ಬದಲಾವಣೆಗೆ ಸೀಮಿತವಲ್ಲ. ಬ್ರೇಕ್, ಚೈನ್, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್‌ಗಳ ತಪಾಸಣೆಯೂ ಅದರಲ್ಲಿ ಸೇರಿರುತ್ತದೆ. ಆಯಿಲ್ ಮಾತ್ರ ಬದಲಿಸಿ ಇವುಗಳನ್ನು ಮರೆತರೆ ಅದು ಉಳಿತಾಯವಲ್ಲ. ಎರೆಮಣ್ಣಿನ ಧೂಳು ಏಳುವ ಹೊಲದ ಹಾದಿಗಳಲ್ಲಿ ಓಡಾಡುವವರು ಏರ್ ಫಿಲ್ಟರ್‌ನತ್ತ ವಿಶೇಷ ಗಮನ ಹರಿಸಬೇಕು.

ವಾರಂಟಿ ಇದ್ದರೆ ಕೈಹಾಕಬೇಡಿ

ಹೊಸ ಬೈಕ್‌ನ ಉಚಿತ ಸರ್ವಿಸ್‌ಗಳಲ್ಲಿ ಕೂಲಿ ಇರುವುದಿಲ್ಲ. ಸಾಮಾನ್ಯವಾಗಿ ಆಯಿಲ್‌ಗಷ್ಟೇ ಹಣ ಕೊಡಬೇಕು. ನಿಗದಿತ ಸರ್ವಿಸ್‌ಗಳನ್ನು ಅಧಿಕೃತ ಕೇಂದ್ರದಲ್ಲಿಯೇ ಮಾಡಿಸಬೇಕೆಂಬ ಷರತ್ತನ್ನು ಕಂಪನಿಗಳು ವಾರಂಟಿ ಪುಸ್ತಿಕೆಯಲ್ಲಿ ಮುದ್ರಿಸುವುದು ರೂಢಿ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ, ಎಂಜಿನ್ ಕೆಟ್ಟಾಗ ಸಾವಿರಾರು ರೂಪಾಯಿಯ ದುರಸ್ತಿಯ ಹಕ್ಕನ್ನು ಕಳೆದುಕೊಳ್ಳುವುದು ಜಾಣತನವಲ್ಲ. ಪ್ರತಿ ಸರ್ವಿಸ್‌ನ ಬಿಲ್ ಪಡೆದು ಜೋಪಾನವಾಗಿಡಿ.

ಯಾವ ಆಯಿಲ್? ಯಾವಾಗ?

ಬಹುತೇಕ ಬೈಕ್‌ಗಳಲ್ಲಿ ಎಂಜಿನ್, ಗಿಯರ್ ಮತ್ತು ಕ್ಲಚ್‌ಗೆ ಒಂದೇ ಆಯಿಲ್. ಕಾರಿನ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುವ ಸಾಧ್ಯತೆ ಇದ್ದು, ಅವು ಬೈಕ್‌ನ ಕ್ಲಚ್ ಜಾರುವಂತೆ ಮಾಡಬಲ್ಲವು. ಆದ್ದರಿಂದ ಡಬ್ಬಿಯ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ ಗುರುತು ಇದೆಯೇ ನೋಡಿ. ‘ಎಂಬಿ’ ಗುರುತಿನ ಆಯಿಲ್ ಗಿಯರ್‌ರಹಿತ ಸ್ಕೂಟರ್‌ಗಳಿಗೆ. 10ಡಬ್ಲ್ಯು-30, 20ಡಬ್ಲ್ಯು-50 ಮುಂತಾದ ದರ್ಜೆಗಳಲ್ಲಿ ಕೈಪಿಡಿ ಸೂಚಿಸಿದ್ದನ್ನೇ ಕೊಳ್ಳಿ. ಸೀಲ್ ಒಡೆದ ಡಬ್ಬಿ ಬೇಡ.

ಅವಧಿ ಬೈಕ್‌ನಿಂದ ಬೈಕ್‌ಗೆ ಬೇರೆ. ಅನೇಕ ಬೈಕ್‌ಗಳಿಗೆ 5ರಿಂದ 6 ಸಾವಿರ ಕಿ.ಮೀ., ಇತ್ತೀಚಿನ ಕೆಲವಕ್ಕೆ 10 ಸಾವಿರ ಕಿ.ಮೀ. ಆಯಿಲ್ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದು ಅರ್ಥವಲ್ಲ. ಮಟ್ಟ ಇಳಿಯುವುದೇ ಹೆಚ್ಚು ಅಪಾಯಕಾರಿ.

ಬದಲಿಸುವ ಕ್ರಮ

1. ಎಂಜಿನ್ಅನ್ನು ಮೂರ್ನಾಲ್ಕು ನಿಮಿಷ ಚಾಲೂ ಇಟ್ಟು ನಿಲ್ಲಿಸಿ. ಬೆಚ್ಚಗಿನ ಆಯಿಲ್ ಸರಾಗವಾಗಿ ಇಳಿಯುತ್ತದೆ. ಸಮತಟ್ಟಾದ ಜಾಗದಲ್ಲಿ ಬೈಕನ್ನು ನೇರವಾಗಿ ನಿಲ್ಲಿಸಿ.

2. ಕೆಳಗೆ ಅಗಲವಾದ ಪಾತ್ರೆ ಇಟ್ಟು ಡ್ರೇನ್ ಬೋಲ್ಟ್ ಬಿಚ್ಚಿ. ಹತ್ತು ಹದಿನೈದು ನಿಮಿಷ ಬಸಿಯಲು ಬಿಡಿ. ಕೈಗವಸು ಇರಲಿ; ಬಳಸಿದ ಆಯಿಲ್ ಚರ್ಮಕ್ಕೆ ಪದೇ ಪದೇ ತಾಗುವುದು ಹಾನಿಕರ.

3. ಫಿಲ್ಟರ್ ಅಥವಾ ಜಾಲರಿ ಇದ್ದರೆ ಕೈಪಿಡಿಯಂತೆ ಬದಲಿಸಿ, ಇಲ್ಲವೇ ಸ್ವಚ್ಛಗೊಳಿಸಿ.

4. ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿಯಿರಿ. ಮೊದಲು ಕೈಯಿಂದಲೇ ತಿರುಗಿಸಿ, ಕೊನೆಗಷ್ಟೇ ಪಾನಾ ಬಳಸಿ. ಹೊಸಬರು ಎಡವುವುದು ಇಲ್ಲಿಯೇ: ಅತಿಯಾಗಿ ಬಿಗಿದರೆ ಎಂಜಿನ್‌ನ ಅಲ್ಯೂಮಿನಿಯಂ ಕವಚದ ಥ್ರೆಡ್ ಹಾಳಾಗಿ, ಹಲವು ಸರ್ವಿಸ್‌ಗಳ ಉಳಿತಾಯ ಒಂದೇ ದುರಸ್ತಿಗೆ ಹೋಗುತ್ತದೆ.

5. ಕೈಪಿಡಿ ಹೇಳಿದಷ್ಟೇ ಆಯಿಲ್ ಹಾಕಿ. ಎರಡು ಮೂರು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಮತ್ತೆ ಅಷ್ಟೇ ಹೊತ್ತು ಬಿಟ್ಟು ಮಟ್ಟ ಪರೀಕ್ಷಿಸಿ. ಬೋಲ್ಟ್ ಬಳಿ ಜಿನುಗುತ್ತಿದೆಯೇ ನೋಡಿ.

ಹಳೆಯ ಆಯಿಲ್ ಎಲ್ಲಿಗೆ?

ಚಕ್ಕಡಿಯ ಗಾಲಿಗೆ ಕೀಲೆಣ್ಣೆಯಾಗಿ, ಗೆದ್ದಲು ಹಿಡಿಯದಂತೆ ಕಟ್ಟಿಗೆಗೆ ಲೇಪವಾಗಿ ಹಳೆಯ ಆಯಿಲ್ ಬಳಸುವುದು ಹಳ್ಳಿಗಳಲ್ಲಿ ಉಂಟು. ಮಿಕ್ಕದ್ದು ಚರಂಡಿಗೋ ತಿಪ್ಪೆಗೋ ಸೇರುತ್ತದೆ. ಲೋಹದ ಸೂಕ್ಷ್ಮ ಕಣಗಳನ್ನು ಹೊತ್ತ ಈ ಆಯಿಲ್ ಮಣ್ಣಿಗಿಳಿದರೆ ಬಾವಿ, ಕೊಳವೆಬಾವಿಗಳ ನೀರಿಗೂ ಕುತ್ತು. ಒಂದು ಬಾರಿ ಬದಲಿಸಿದ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ.

ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಆಯಿಲ್ ಸೇರುತ್ತದೆ. 2023ರಲ್ಲಿ ಆದ ತಿದ್ದುಪಡಿಯು 2024ರ ಏಪ್ರಿಲ್ 1ರಿಂದ ಅದರ ಮರುಬಳಕೆಯ ಹೊಣೆಯನ್ನು ಆಯಿಲ್ ತಯಾರಕರ ಮೇಲೂ ಹೊರಿಸಿದೆ. ಆದರೆ ಮನೆಯಂಗಳದಲ್ಲಿ ಬಸಿದ ಒಂದು ಲೀಟರ್ ಆಯಿಲ್ ಅವರ ತನಕ ತಲುಪುವುದು ಸವಾರನ ಕೈಯಲ್ಲಿದೆ. ಅದನ್ನು ಖಾಲಿ ಡಬ್ಬಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜ್ ಅಥವಾ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಿ. ಸಂತೆಗೆ ಸವದತ್ತಿಗೆ ಹೋದಾಗ ಒಯ್ದರೂ ಆದೀತು. ನೀರು, ಸೀಮೆಎಣ್ಣೆ ಬೆರೆಸಬೇಡಿ.

ಇಷ್ಟು ಮಾಡಲು ಆಗದವರಿಗೆ ಮೂರನೆಯ ದಾರಿಯೂ ಇದೆ. ವಾರಂಟಿ ಮುಗಿದ ಬೈಕ್‌ಗೆ ತಾವೇ ಆಯಿಲ್ ಕೊಂಡು, ಊರಿನ ಪರಿಚಿತ ಮೆಕ್ಯಾನಿಕ್ ಬಳಿ ಕಣ್ಣೆದುರೇ ಹಾಕಿಸಬಹುದು. ಬದಲಿಸಿದ ದಿನಾಂಕ ಮತ್ತು ಕಿ.ಮೀ. ಅನ್ನು ಬರೆದಿಡಲು ಮರೆಯದಿರಿ.