ಮನೆಯೊಳಗೊಂದು ಆಕಾಶ

2014ರ ಮಾರ್ಚ್ 15ರಂದು ಮಲೇಷ್ಯಾದ ಷಾ ಆಲಂ ನಗರದ ಒಂದು ಮನೆಗೆ ಪೊಲೀಸರು ಬಂದರು. ಅದು ಮಲೇಷ್ಯಾ ಏರ್‌ಲೈನ್ಸ್‌ನ ಹಿರಿಯ ಪೈಲಟ್ ಜಹಾರಿ ಅಹ್ಮದ್ ಷಾ ಅವರ ಮನೆ. ಅವರು ಕ್ಯಾಪ್ಟನ್ ಆಗಿದ್ದ ಎಂಎಚ್ 370 ವಿಮಾನ 239 ಮಂದಿಯೊಂದಿಗೆ ಕಣ್ಮರೆಯಾಗಿ ಅಂದಿಗೆ ಒಂದು ವಾರ. ಆ ಮನೆಯಲ್ಲಿ ಪೊಲೀಸರಿಗೆ ಸಿಕ್ಕಿದ್ದು ಒಂದು ಕಂಪ್ಯೂಟರ್, ಸಾಲಾಗಿ ನಿಲ್ಲಿಸಿದ ಪರದೆಗಳು, ಹಿಡಿಕೆ, ಪೆಡಲು, ತಲೆಯ ಮೇಲ್ಗಡೆಗೆ ಸ್ವಿಚ್ಚುಗಳ ಹಲಗೆ. ಒಟ್ಟಿನಲ್ಲಿ ವಿಮಾನದ ಕಾಕ್‌ಪಿಟ್ಟನ್ನು ಹೋಲುವ ಒಂದು ಜೋಡಣೆ. ಅದನ್ನು ಬಿಚ್ಚಿ ಒಯ್ದು ಪೊಲೀಸ್ ಕೇಂದ್ರ ಕಚೇರಿಯಲ್ಲಿ ಮತ್ತೆ ಜೋಡಿಸಿದರು.

ಆ ದಿನಗಳಲ್ಲಿ ಟೀವಿಯ ಮುಂದೆ ಕೂತಿದ್ದ ನಮ್ಮ ನಡುವೆ ಒಬ್ಬರು ಕೇಳಿದರು: “ದಿನವಿಡೀ ವಿಮಾನ ಹಾರಿಸುವವನಿಗೆ ಮನೆಯಲ್ಲೂ ವಿಮಾನ ಯಾಕಂತೆ?” ನಿಜ ಹೇಳಬೇಕೆಂದರೆ ನಮಗೂ ಹಾಗೆಯೇ ಅನ್ನಿಸಿತ್ತು. ಜೊತೆಗೆ ಇನ್ನೊಂದು ಅಳುಕು. ಎಲ್ಲಿ ಏನೇ ಅನಾಹುತವಾದರೂ ‘ಯಾ ಅಲ್ಲಾಹ್, ನಮ್ಮ ಹೆಸರಿನವನಾಗಿರದಿರಲಿ’ ಎಂದು ಮನಸ್ಸು ಮೊದಲು ದುಆ ಮಾಡಿಕೊಳ್ಳುತ್ತದೆ. ಈ ದುಆ ಗೊತ್ತಿರದ ಮುಸ್ಲಿಮರು ನಮ್ಮಲ್ಲಿ ಕಡಿಮೆ.

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೊರಟರೆ ಚರಿತ್ರೆ ನಮ್ಮನ್ನು ಬಹಳ ಹಿಂದಕ್ಕೆ, 9ನೇ ಶತಮಾನದ ಕುರ್ತುಬಾಕ್ಕೆ ಒಯ್ಯುತ್ತದೆ. ಇಂದಿನ ಸ್ಪೇನಿನ ಕಾರ್ಡೋಬಾ ನಗರವದು. ಅಲ್ಲಿದ್ದ ಅಬ್ಬಾಸ್ ಇಬ್ನ್ ಫಿರ್ನಾಸ್ ಮೈಗೆ ಗರಿ, ರೆಕ್ಕೆ ಕಟ್ಟಿಕೊಂಡು ಎತ್ತರದಿಂದ ಹಾರಿ, ಸ್ವಲ್ಪ ದೂರ ತೇಲಿ, ಇಳಿಯುವಾಗ ಬೆನ್ನಿಗೆ ಪೆಟ್ಟು ಮಾಡಿಕೊಂಡ ಕತೆ ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತು. ಹಕ್ಕಿ ಇಳಿಯುವುದು ಬಾಲದ ಬಲದಿಂದ ಎಂಬುದನ್ನು ಅವನು ಮರೆತಿದ್ದನೆಂದು 17ನೇ ಶತಮಾನದ ಇತಿಹಾಸಕಾರ ಅಲ್ ಮಕ್ಕರೀ ಬರೆದಿದ್ದಾನೆ. ಅದೇ ಇಬ್ನ್ ಫಿರ್ನಾಸ್ ತನ್ನ ಮನೆಯ ಒಂದು ಕೋಣೆಯಲ್ಲಿ ಆಕಾಶವನ್ನೇ ಕಟ್ಟಿದ್ದ ಎಂಬ ಮಾತು ಅಷ್ಟು ಪ್ರಚಾರಕ್ಕೆ ಬಂದಿಲ್ಲ. ಒಳಗೆ ಕೂತವರಿಗೆ ನಕ್ಷತ್ರ, ಮೋಡ, ಮಿಂಚು ಕಾಣುತ್ತಿದ್ದವಂತೆ, ಗುಡುಗು ಕೇಳುತ್ತಿತ್ತಂತೆ. ಇಂಥ ಪ್ರಯೋಗಗಳ ಮನುಷ್ಯನ ಮೇಲೆ ಧರ್ಮದ್ರೋಹದ ಆರೋಪವೂ ಬಂತು. ಆರೋಪ ಹೊರಿಸಿದವರು ಹೊರಗಿನವರಲ್ಲ, ಅವನ ಊರಿನವರೇ. ಆರೋಪ ನಿಲ್ಲಲಿಲ್ಲ, ಅವನು ಪಾರಾದ.

ನಮ್ಮ ಮನೆಗಳ ಉರ್ದುವಿನಲ್ಲಿ ಇಂಥ ಗೀಳಿಗೆ ‘ಶೌಕ್’ ಎನ್ನುತ್ತಾರೆ. ಪಾರಿವಾಳ ಸಾಕುವುದು ಶೌಕ್, ಗಾಳಿಪಟ ಶೌಕ್, ಹಳೆಯ ರೇಡಿಯೋ ಬಿಚ್ಚಿ ಜೋಡಿಸುವುದೂ ಶೌಕ್. ಅದೇ ಪದದ ಮನೆತನದ್ದು ಕನ್ನಡದ ‘ಶೋಕಿ’. ಕನ್ನಡಕ್ಕೆ ಬರುವಷ್ಟರಲ್ಲಿ ಅದರಲ್ಲಿ ಒಂದಿಷ್ಟು ಹೀಯಾಳಿಕೆ ಸೇರಿಕೊಂಡಿತು.

ನೆಲದ ಮೇಲೆ ಕೂತು ಹಾರುವ ಯಂತ್ರವನ್ನು ನಿಜವಾಗಿ ಚಾಲ್ತಿಗೆ ತಂದವನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್. ಅವನ ತಂದೆಗೆ ಪಿಯಾನೋ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. 1920ರಲ್ಲಿ, 16ನೇ ವಯಸ್ಸಿಗೆ, ಹುಡುಗ ಹಣ ಕೊಟ್ಟು ವಿಮಾನದ ಮೊದಲ ಪಾಠಕ್ಕೆ ಹೋದ. ಕಲಿಸುವಾತ ಆಕಾಶದಲ್ಲಿ ಲಾಗ ಹೊಡೆಸಿ ಇಳಿಸಿದನೇ ಹೊರತು ಹಿಡಿಕೆಯನ್ನು ಒಮ್ಮೆಯೂ ಮುಟ್ಟಲು ಬಿಡಲಿಲ್ಲ. ಬಡವರ ಮಕ್ಕಳು ಹಾರಲು ಕಲಿಯುವುದು ಹೇಗೆ? 1927ರಿಂದ 1929ರವರೆಗೆ ಲಿಂಕ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಕೂತು ಇದಕ್ಕೆ ಉತ್ತರ ಕಟ್ಟಿದ.

ಹಾರ್ಮೋನಿಯಂ ನೋಡಿದವರಿಗೆ ಅವನ ಯಂತ್ರ ತಕ್ಷಣ ಅರ್ಥವಾಗುತ್ತದೆ. ಹಾರ್ಮೋನಿಯಂನ ಹಿಂದೆ ತಿದಿ ಇರುತ್ತದಲ್ಲ, ಆರ್ಗನ್ನಿನಲ್ಲೂ ಅಂಥದೇ ತಿದಿ. ಮೋಟು ರೆಕ್ಕೆಯ ಸಣ್ಣ ಮರದ ವಿಮಾನವನ್ನು ಒಂದು ಗೂಟದ ಮೇಲೆ ಕೂರಿಸಿ, ಅದರಡಿಗೆ ಲಿಂಕ್ ಆರ್ಗನ್ನಿನ ತಿದಿಗಳನ್ನಿಟ್ಟ. ಒಳಗೆ ಕೂತವನು ಹಿಡಿಕೆ ವಾಲಿಸಿದರೆ ಕವಾಟ ತೆರೆದು ಒಂದು ಕಡೆಯ ತಿದಿ ಉಬ್ಬುತ್ತದೆ, ಇನ್ನೊಂದು ಕಡೆಯದು ಕುಗ್ಗುತ್ತದೆ, ಡಬ್ಬ ಆ ಕಡೆಗೆ ವಾಲುತ್ತದೆ. ಸಂಗೀತಕ್ಕೆ ಉಸಿರಾಗಬೇಕಿದ್ದ ಗಾಳಿ ವಿಮಾನಕ್ಕೆ ಉಸಿರಾಯಿತು. 1931ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ವಿಮಾನ ಶಾಲೆಗಳು ತಿರುಗಿಯೂ ನೋಡಲಿಲ್ಲ. ಕೊಂಡವರು ಜಾತ್ರೆಯಂಥ ಮನರಂಜನಾ ಪಾರ್ಕುಗಳವರು. ನಾಣ್ಯ ಹಾಕಿದ ಮಕ್ಕಳು ಅದರಲ್ಲಿ ಕೂತು ನಕ್ಕರು.

ನಗು ನಿಂತಿದ್ದು 1934ರಲ್ಲಿ. ಅಧ್ಯಕ್ಷ ರೂಸ್‌ವೆಲ್ಟ್ ವಿಮಾನದಲ್ಲಿ ಅಂಚೆ ಸಾಗಿಸುವ ಕೆಲಸವನ್ನು ಖಾಸಗಿಯವರಿಂದ ಕಿತ್ತು ಸೈನ್ಯಕ್ಕೆ ವಹಿಸಿದರು. ಮಂಜಿನಲ್ಲಿ, ಕತ್ತಲಲ್ಲಿ ಬರೀ ಮೀಟರುಗಳನ್ನು ನೋಡಿಕೊಂಡು ಹಾರಿ ಅಭ್ಯಾಸವಿಲ್ಲದ ಸೈನ್ಯದ ಪೈಲಟ್‌ಗಳು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಆಗ ಸೈನ್ಯದ ಅಧಿಕಾರಿಗಳು ಲಿಂಕ್‌ನನ್ನು ನೆವಾರ್ಕಿಗೆ ಕರೆಸಿದರು. ಅಂದು ಹವೆ ಕೆಟ್ಟಿತ್ತು, ಇವನು ಬರಲಾರನೆಂದು ಅವರು ಎದ್ದು ಹೊರಡುವುದರಲ್ಲಿದ್ದರು. ಮಂಜನ್ನು ಸೀಳಿಕೊಂಡು ಲಿಂಕ್ ಬಂದಿಳಿದ. ಬೇರೆ ಪುರಾವೆ ಬೇಕಿರಲಿಲ್ಲ. ಸೈನ್ಯ ತಲಾ 3,500 ಡಾಲರಿಗೆ ಆರು ಯಂತ್ರ ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ಇಂಥ ಯಂತ್ರಗಳು 10,000ಕ್ಕೂ ಹೆಚ್ಚು ತಯಾರಾಗಿದ್ದವು. ನೀಲಿ ಬಣ್ಣದವಾದ್ದರಿಂದ ಪೈಲಟ್‌ಗಳು ಅದನ್ನು ‘ನೀಲಿ ಡಬ್ಬ’ ಎಂದೇ ಕರೆದರು.

ಡಬ್ಬ ಮನೆಗೆ ಬಂದಿದ್ದು ಕಂಪ್ಯೂಟರಿನ ಹೆಗಲೇರಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದ ಬ್ರೂಸ್ ಆರ್ಟ್‌ವಿಕ್ 1975ರಲ್ಲಿ ತನ್ನ ಪ್ರೌಢಪ್ರಬಂಧಕ್ಕೆ ಕಂಪ್ಯೂಟರ್ ಪರದೆಯ ಮೇಲೆ ಹಾರಾಟ ತೋರಿಸುವ ವಿಷಯ ಎತ್ತಿಕೊಂಡ. 1980ರ ಹೊತ್ತಿಗೆ ಅದು ಆಪಲ್ ಕಂಪ್ಯೂಟರಿನ ಆಟವಾಯಿತು, 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಯಿತು. ವರ್ಷಗಳ ಕಾಲ ಆ ಆಟ ಶುರುವಾಗುತ್ತಿದ್ದುದು ಷಿಕಾಗೋದ ಸರೋವರದಂಚಿನ ಮೇಗ್ಸ್ ಫೀಲ್ಡ್ ಎಂಬ ಪುಟ್ಟ ನಿಲ್ದಾಣದಿಂದ. 2003ರ ಮಾರ್ಚ್ ಕೊನೆಯ ಒಂದು ರಾತ್ರಿ ಮೇಯರ್ ಬುಲ್ಡೋಜರ್ ಕಳಿಸಿ ಆ ರನ್‌ವೇಯನ್ನು ಅಗೆಸಿಹಾಕಿದರು. ಹಳೆಯ ಆಟ ಉಳಿಸಿಕೊಂಡವರ ಮನೆಗಳಲ್ಲಿ ಮಾತ್ರ ಮೇಗ್ಸ್‌ನಿಂದ ವಿಮಾನ ಏಳುತ್ತಲೇ ಇತ್ತು. 2020ರ ಹೊಸ ಆವೃತ್ತಿಯಲ್ಲಿ ಭೂಮಿಯ ಸುಮಾರು 37,000 ವಿಮಾನ ನಿಲ್ದಾಣಗಳಿವೆ. ನಮ್ಮ ಬಜ್ಪೆಯಲ್ಲೂ ಮನೆಯಲ್ಲಿ ಕೂತೇ ಇಳಿಯಬಹುದು. 2010ರ ಮೇ 22ರಂದು 158 ಜೀವಗಳು ಹೋದದ್ದು ಆ ಗುಡ್ಡದಲ್ಲೇ. ಅಲ್ಲಿ ಪರದೆಯ ಮೇಲೆ ಇಳಿಯುವವನ ಅಂಗೈಯೂ ಬೆವರುತ್ತದೆ.

ಆಟವಷ್ಟೇ ಆದರೆ ಕೀಲಿಮಣೆ ಸಾಕು. ಆದರೆ ಶೌಕ್ ಅಷ್ಟಕ್ಕೆ ನಿಲ್ಲುವುದಿಲ್ಲ. ಪರದೆಯ ಮೇಲಿನ ಸ್ವಿಚ್ಚನ್ನು ಮೌಸಿನಿಂದ ಹುಡುಕುವಷ್ಟರಲ್ಲಿ ವಿಮಾನ ರನ್‌ವೇ ದಾಟಿರುತ್ತದೆ. ಕೈ ತಾನಾಗಿ ಸ್ವಿಚ್ಚಿಗೆ ಹೋಗಬೇಕು, ಕಣ್ಣು ಆಕಾಶದ ಮೇಲಿರಬೇಕು. ಹೀಗಾಗಿ ಬಡಗಿ ಕೆಲಸ ಶುರುವಾಗುತ್ತದೆ. ಪ್ಲೈವುಡ್ ಕೊಯ್ದು ಮೇಜು, ಮೇಜಿನಲ್ಲಿ ಹಿಡಿಕೆ, ಕಾಲಿಗೆ ರಡರ್ ಪೆಡಲು, ಪಕ್ಕಕ್ಕೆ ಥ್ರಾಟಲ್. ಹಿಡಿಕೆ ಎಷ್ಟು ತಿರುಗಿತೆಂದು ಕಂಪ್ಯೂಟರಿಗೆ ತಿಳಿಸುವುದು ರೇಡಿಯೋದ ವಾಲ್ಯೂಮ್ ಗುಂಡಿಯೊಳಗೆ ಇರುವಂಥದೇ ಒಂದು ಬಿಡಿಭಾಗ. 2005ರಲ್ಲಿ ಇಟಲಿಯಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಆರ್ಡುಯಿನೋ ಎಂಬ ಅಗ್ಗದ ಪುಟ್ಟ ಬೋರ್ಡು ಈ ಹವ್ಯಾಸಿಗಳಿಗೆ ವರವಾಯಿತು. ಸ್ವಿಚ್ಚಿನ ತಂತಿಯನ್ನು ಅದಕ್ಕೆ ಬೆಸುಗೆ ಹಾಕಿದರೆ ಅದು ಸುದ್ದಿಯನ್ನು ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಕಂಪ್ಯೂಟರ್ ಹೇಳಿದ ಎತ್ತರವನ್ನು ಪುಟ್ಟ ಮೋಟಾರಿನ ಮುಳ್ಳಿನಲ್ಲಿ ತೋರಿಸುವುದೂ ಅದೇ.

ಜಾಣರು ಇದನ್ನು ಬದಲಿಸಬಹುದಾದಂತೆ ಕಟ್ಟುತ್ತಾರೆ. ಸಣ್ಣ ಸೆಸ್ನಾ ವಿಮಾನಕ್ಕೆ ತಳ್ಳಿ ಎಳೆಯುವ ಒಂದೇ ಥ್ರಾಟಲ್ ಗುಂಡಿ, ಎರಡು ಎಂಜಿನ್ನಿನ ಬೋಯಿಂಗ್ 737ಕ್ಕೆ ಎರಡು ಸನ್ನೆಗಳು. ಫಲಕಗಳನ್ನು ಮೇಜಿನ ಖಾನೆಯಲ್ಲಿ ಕೂರಿಸಿ ತೆಗೆಯುವಂತಿದ್ದರೆ ಒಂದೇ ಕುರ್ಚಿ ಬೆಳಿಗ್ಗೆ ಸೆಸ್ನಾ, ಸಂಜೆ ಬೋಯಿಂಗ್. ಗುಜರಿಗೆ ಬಿದ್ದ ನಿಜ ವಿಮಾನದ ಮೂತಿಯನ್ನೇ ಕೊಂಡು ತಂದು ಮನೆಯಲ್ಲಿಟ್ಟವರೂ ಇದ್ದಾರೆ. ಹಣವಂತರ ಮಾತು ಬೇರೆ. ನಮಗೆ ಹಿಡಿಸುವುದು ಪ್ಲೈವುಡ್ಡಿನವರೇ. ಒಂದು ಕೊರತೆ ಎಲ್ಲರಿಗೂ ಒಂದೇ. ಲಿಂಕ್‌ನ ಡಬ್ಬಕ್ಕೆ ಮುಸುಕು ಹಾಕಿದರೆ ಹೊರಗಿನದೇನೂ ಕಾಣದು, ಆದರೆ ಅದು ಅಲುಗಾಡುತ್ತಿತ್ತು. ಮನೆಯ ಕಾಕ್‌ಪಿಟ್ಟಿನಲ್ಲಿ ಜಗತ್ತೆಲ್ಲ ಕಾಣುತ್ತದೆ, ಕುರ್ಚಿ ಮಾತ್ರ ಸಾಮಾನ್ಯವಾಗಿ ಅಲ್ಲಾಡುವುದಿಲ್ಲ.

2001ರ ಸೆಪ್ಟೆಂಬರ್ 11 ಈ ಆಟದ ಮೇಲೂ ನೆರಳು ಚೆಲ್ಲಿತು. ದಾಳಿಕೋರರ ಗುಂಪಿನವರು ತರಬೇತಿಯಲ್ಲಿ ಇಂಥ ಆಟಗಳನ್ನೂ ಬಳಸಿದ್ದರೆಂದು ಅಮೆರಿಕದ ತನಿಖಾ ಆಯೋಗ ದಾಖಲಿಸಿದೆ. ಅದನ್ನು ನಾವು ಮುಚ್ಚಿಡಬೇಕಾಗಿಲ್ಲ. ಮೈಕ್ರೋಸಾಫ್ಟ್ ಆ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿದ ಆವೃತ್ತಿಯಿಂದ ಅವಳಿ ಗೋಪುರಗಳನ್ನು ಅಳಿಸಿಹಾಕಿತು. ಗೋಪುರ ಅಳಿಸುವುದು ಸುಲಭ. ಮುಸ್ಲಿಂ ಹೆಸರಿನ ಹುಡುಗ ಪರದೆಯ ಮೇಲೆ ವಿಮಾನ ಹಾರಿಸಿದರೆ ನೋಡುವವರ ಕಣ್ಣಲ್ಲಿ ಏಳುವ ಪ್ರಶ್ನೆಯನ್ನು ಯಾವ ಆವೃತ್ತಿಯೂ ಅಳಿಸಲಿಲ್ಲ.

ಮತ್ತೆ ಷಾ ಆಲಂನ ಮನೆಗೆ ಬರೋಣ. ಜಹಾರಿ 1981ರಲ್ಲಿ ಮಲೇಷ್ಯಾ ಏರ್‌ಲೈನ್ಸ್ ಸೇರಿದವರು, 18,000 ಗಂಟೆಗಳಿಗೂ ಹೆಚ್ಚು ಹಾರಿದ್ದವರು. ತಾವು ಕಟ್ಟಿದ ಕಾಕ್‌ಪಿಟ್ಟನ್ನು ಬಚ್ಚಿಟ್ಟವರಲ್ಲ, 2012ರಲ್ಲಿ ಬೇರೆ ಹವ್ಯಾಸಿಗಳ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಏರ್ ಕಂಡೀಷನರ್ ಸರಿಪಡಿಸುವುದನ್ನು, ಫ್ರಿಜ್ಜಿನ ರಿಪೇರಿಯನ್ನು ಜನರಿಗೆ ವಿಡಿಯೋ ಮಾಡಿ ತೋರಿಸುತ್ತಿದ್ದ ಮನುಷ್ಯ. ಬಿಚ್ಚಿ ಜೋಡಿಸುವ ಕೈ ಅದು. ಆದರೆ ಅವರ ಸಿಮ್ಯುಲೇಟರಿನ ನೆನಪಿನಲ್ಲಿ ಹಿಂದೂ ಮಹಾಸಾಗರದ ದಕ್ಷಿಣಕ್ಕೆ ಹೋಗುವ ಒಂದು ಹಾರಾಟದ ಬಿಂದುಗಳು ಸಿಕ್ಕವು. ವಿಮಾನ ಕಣ್ಮರೆಯಾಗುವುದಕ್ಕೆ ಸುಮಾರು ಐದು ವಾರ ಹಿಂದಿನವು ಅವು. ಇದು ಸಣ್ಣ ವಿಷಯವಲ್ಲ. ನಮ್ಮ ಹೆಸರಿನವರೆಂದು ಅದನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಾಗದು. ಇಂಧನ ಮುಗಿಯುವವರೆಗೂ ಸಮುದ್ರದ ಮೇಲೆ ಹಾರಿನೋಡುವುದು, ಇಳಿಯಬಾರದಲ್ಲಿ ಇಳಿಯುವುದು, ಬೀಳುವುದು ಈ ಆಟದಲ್ಲಿ ಹೊಸತಲ್ಲ ಎಂಬುದೂ ಅಷ್ಟೇ ನಿಜ. ಬೀಳಬಹುದೆಂದೇ ಅಲ್ಲವೇ ಲಿಂಕ್ ಅದನ್ನು ಕಟ್ಟಿದ್ದು?

2018ರ ಜುಲೈಯಲ್ಲಿ ಮಲೇಷ್ಯಾದ ತನಿಖಾ ತಂಡ ಕೊನೆಯ ವರದಿ ಕೊಟ್ಟಿತು. ವಿಮಾನ ಕಣ್ಮರೆಯಾದ ನಿಜ ಕಾರಣವನ್ನು ನಿರ್ಧರಿಸಲು ಸಾಧ್ಯವಾಗಿಲ್ಲ, ಮೂರನೆಯವರ ಕೈವಾಡವನ್ನೂ ಅಲ್ಲಗಳೆಯಲಾಗದು ಎಂದಿತು. ಷಾ ಆಲಂನಿಂದ ಒಯ್ದ ಯಂತ್ರದ ಬಗ್ಗೆಯೂ ಅದರಲ್ಲಿ ಪೊಲೀಸರ ತೀರ್ಮಾನವಿತ್ತು: ಅದರಲ್ಲಿ ಕಂಡದ್ದು ಆಟಕ್ಕೆ ಸಂಬಂಧಿಸಿದ ಹಾರಾಟಗಳು, ಅದರಾಚೆ ಅಸಹಜವಾದದ್ದೇನೂ ಇಲ್ಲ. ಪೊಲೀಸರು ಆ ಮನೆಗೆ ಬಂದ ದಿನ ಟೀವಿಯ ಮುಂದೆ ಕೂತಿದ್ದ ನಾವು ಈ ಮಾತನ್ನು ಓದಿದ್ದು ನಾಲ್ಕು ವರ್ಷಗಳ ನಂತರ, ಅದೂ ಹುಡುಕಿಕೊಂಡು ಹೋಗಿ.