ಎಳೆಯ ಹೇಂಟೆಗಳ ಮೆತ್ತನೆಯ ಮೊಟ್ಟೆ: ಕಾರಣ ಮತ್ತು ಪರಿಹಾರ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳ ಹಳ್ಳಿಮನೆಗಳಲ್ಲಿ ಕೋಳಿ ಸಾಕುವ ರೂಢಿ ಇಂದಿಗೂ ಉಳಿದಿದೆ. ಊರ ಕೋಳಿಗಳ ಜೊತೆಗೆ ಗಿರಿರಾಜ, ಸ್ವರ್ಣಧಾರಾ ತಳಿಗಳನ್ನು ಸಾಕುವವರೂ ಇದ್ದಾರೆ. ಹೇಂಟೆ ಮೊದಲ ಬಾರಿಗೆ ಇಡುವ ಮೊಟ್ಟೆ ಕೆಲವೊಮ್ಮೆ ಗಟ್ಟಿ ಚಿಪ್ಪಿಲ್ಲದೆ, ಕೇವಲ ಪೊರೆಯಿಂದ ಆವೃತವಾಗಿ, ಒತ್ತಿದರೆ ತಗ್ಗುವಂತಿರುತ್ತದೆ. ಮೊದಲ ಕೆಲವು ಮೊಟ್ಟೆಗಳು ಹೀಗಾದರೆ ಆತಂಕಕ್ಕೆ ಕಾರಣವಿಲ್ಲ. ಆದರೆ ವಾರಗಳು ಕಳೆದರೂ ಇದೇ ಸ್ಥಿತಿ ಮುಂದುವರಿದರೆ ಅದನ್ನು ಎಚ್ಚರಿಕೆಯೆಂದು ಪರಿಗಣಿಸಬೇಕು.

ಚಿಪ್ಪು ರೂಪುಗೊಳ್ಳುವ ಬಗೆ

ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು ಶೇ. 95ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ. ಒಂದು ಮೊಟ್ಟೆ ಸಿದ್ಧವಾಗಲು ಬೇಕಾಗುವ ಸುಮಾರು 25 ಗಂಟೆಗಳಲ್ಲಿ 20 ಗಂಟೆಗಳಷ್ಟು ಕಾಲ ಚಿಪ್ಪಿನ ರಚನೆಗೇ ಸಲ್ಲುತ್ತದೆ. ಇದರ ಬಹುಭಾಗ ನಡೆಯುವುದು ರಾತ್ರಿಯಲ್ಲಿ. ಪ್ರತಿ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಆಹಾರದಲ್ಲಿ ಅದು ಸಾಲದಾದಾಗ ಹೇಂಟೆ ತನ್ನ ಮೂಳೆಗಳಿಂದಲೇ ಅದನ್ನು ಒದಗಿಸುತ್ತದೆ. ಕೊರತೆ ದೀರ್ಘಕಾಲ ಮುಂದುವರಿದರೆ ಮೂಳೆ ಸವೆದು, ಕಾಲಿನ ಬಲ ಕುಂದುತ್ತದೆ.

ಕಾರಣಗಳು

ಎಳೆಯ ಹೇಂಟೆಯಲ್ಲಿ ಚಿಪ್ಪನ್ನು ಸ್ರವಿಸುವ ಗ್ರಂಥಿ ಪೂರ್ಣವಾಗಿ ಹದಗೊಂಡಿರುವುದಿಲ್ಲ. ಇದು ತಾನಾಗಿಯೇ ಸರಿಹೋಗುತ್ತದೆ. ಎರಡನೆಯ ಕಾರಣ ಆಹಾರ. ಕರಾವಳಿಯ ಮನೆಗಳಲ್ಲಿ ಕೋಳಿಗೆ ದೊರೆಯುವುದು ಹೆಚ್ಚಾಗಿ ಅನ್ನ, ನುಚ್ಚು ಮತ್ತು ತೌಡು. ಅಕ್ಕಿಯಲ್ಲಿ ಕ್ಯಾಲ್ಸಿಯಂ ಅತ್ಯಲ್ಪ. ತೌಡಿನಲ್ಲಿ ರಂಜಕ ಅಧಿಕವಿದ್ದು, ಅದು ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಿಯಾಗುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಣದ ಕೋಳಿಗಳಲ್ಲಿ ಡಿ ಜೀವಸತ್ವದ ಕೊರತೆ ಉಂಟಾಗಬಹುದು. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಕೋಳಿ ಬಾಯ್ತೆರೆದು ಏದುಸಿರು ಬಿಡುವಾಗ ರಕ್ತದ ರಾಸಾಯನಿಕ ಸಮತೋಲನ ತಪ್ಪಿ ಚಿಪ್ಪು ತೆಳುವಾಗುತ್ತದೆ. ಕೊಕ್ಕರೆ ರೋಗದಂಥ ಸೋಂಕುಗಳೂ ಚಿಪ್ಪನ್ನು ಕೆಡಿಸುತ್ತವೆ. ಹಲವು ಕೋಳಿಗಳಲ್ಲಿ ಒಮ್ಮೆಗೇ ಮೊಟ್ಟೆ ಕುಗ್ಗಿ, ಉಸಿರಾಟದ ತೊಂದರೆ ಕಂಡರೆ ರೋಗವನ್ನು ಶಂಕಿಸಬೇಕು.

ಪರಿಹಾರ

ಗಂಗೊಳ್ಳಿ, ಹಂಗಾರಕಟ್ಟೆಯಂಥ ಅಳಿವೆಗಳ ಆಸುಪಾಸಿನಲ್ಲಿ ದೊರೆಯುವ ಕಪ್ಪೆಚಿಪ್ಪು ಉತ್ತಮ ಪೂರಕ. ಅದನ್ನು ತೊಳೆದು, ಒಣಗಿಸಿ, ಹುರುಳಿ ಕಾಳಿನ ಗಾತ್ರಕ್ಕೆ ಕುಟ್ಟಿ ಪ್ರತ್ಯೇಕ ತಟ್ಟೆಯಲ್ಲಿ ಇಡಬೇಕು. ಸಂಜೆ ತಿಂದ ಚೂರುಗಳು ರಾತ್ರಿಯಿಡೀ ನಿಧಾನವಾಗಿ ಕರಗಿ ಚಿಪ್ಪಿಗೆ ಒದಗುತ್ತವೆ. ಹುರಿದು ಪುಡಿಮಾಡಿದ ಮೊಟ್ಟೆಯ ಸಿಪ್ಪೆಯನ್ನೂ ಬಳಸಬಹುದು. ವೀಳ್ಯದೆಲೆಗೆ ಹಚ್ಚುವ ಸುಣ್ಣ ಬಾಯಿ, ಕರುಳನ್ನು ಸುಡುವುದರಿಂದ ಅದು ಸಲ್ಲದು. ಮೊಟ್ಟೆ ಕೋಳಿಗಳ ಸಿದ್ಧ ಆಹಾರದಲ್ಲಿ ಶೇ. 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಮೊಟ್ಟೆ ಇಡುವ ವಯಸ್ಸಿಗೆ ಬಾರದ ಮರಿಗಳಿಗೆ ಅದನ್ನು ಕೊಟ್ಟರೆ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಮೆತ್ತನೆಯ ಮೊಟ್ಟೆಗಳನ್ನು ಒಡನೆ ತೆಗೆಯಬೇಕು. ಇಲ್ಲವಾದರೆ ಕೋಳಿಗಳು ಮೊಟ್ಟೆ ತಿನ್ನುವ ಚಟ ಕಲಿಯುತ್ತವೆ.

ಮೊಟ್ಟೆ ಸಿಲುಕಿದಾಗ

ಮೆತ್ತನೆಯ ಮೊಟ್ಟೆಯನ್ನು ಹೊರತಳ್ಳುವುದು ಹೇಂಟೆಗೆ ಕಷ್ಟ. ಗರಿ ಉಬ್ಬಿಸಿಕೊಂಡು, ಬಾಲ ತಗ್ಗಿಸಿ, ಮೇವು ಬಿಟ್ಟು ಪದೇ ಪದೇ ಮುಕ್ಕುವ ಹೇಂಟೆಯಲ್ಲಿ ಮೊಟ್ಟೆ ಸಿಲುಕಿರುವ ಸಂಭವವಿದೆ. ಅದರ ಹಿಂಭಾಗವನ್ನು ಉಗುರುಬೆಚ್ಚಗಿನ ನೀರಿನಲ್ಲಿ 15-20 ನಿಮಿಷ ಇರಿಸಿ, ಮಲದ್ವಾರದ ಸುತ್ತ ತೆಂಗಿನೆಣ್ಣೆ ಸವರಿ, ಮಬ್ಬು ಬೆಳಕಿನ ಶಾಂತ ಸ್ಥಳದಲ್ಲಿ ಬಿಡಬೇಕು. ಹೊಟ್ಟೆಯನ್ನು ಒತ್ತುವುದಾಗಲಿ, ಒಳಗಿನ ಮೊಟ್ಟೆಯನ್ನು ಒಡೆಯುವುದಾಗಲಿ ಕೂಡದು. ಕೆಲವು ಗಂಟೆಗಳಲ್ಲಿ ಮೊಟ್ಟೆ ಹೊರಬಾರದಿದ್ದರೆ ಸಮೀಪದ ಪಶು ಆಸ್ಪತ್ರೆಗೆ ಒಯ್ಯಬೇಕು. ಒಂದು ದಿನದ ವಿಳಂಬವೂ ಹೇಂಟೆಯ ಪ್ರಾಣಕ್ಕೆ ಕುತ್ತಾಗಬಹುದು.